ಭೀಮಗೊಂಡನ ದುರ್ಬೀನು ಬಂದೂಕು

ಹೆಸರಿಗೂ ಮನುಷ್ಯನಿಗೂ ತಾಳೆ ಇರಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಿದ್ದರೆ ಭೀಮಗೊಂಡ ಪಾಟೀಲನಿಗೆ ತೊಟ್ಟಿಲಲ್ಲೇ ಬೇರೆ ಹೆಸರು ಹುಡುಕಬೇಕಾಗುತ್ತಿತ್ತು. ದೀಪಾವಳಿಗೆ ಓಣಿಯ ಹುಡುಗರು ಪಟಾಕಿ ಹಚ್ಚಿದರೆ ಅವನು ಎರಡೂ ಕಿವಿ ಮುಚ್ಚಿಕೊಂಡು ಅಡಿಗೆಮನೆ ಸೇರುತ್ತಿದ್ದ. ಜೈನರ ಮನೆತನ, ಹೊತ್ತು ಮುಳುಗುವ ಮುಂಚೆ ಉಣ್ಣುತ್ತಿದ್ದ, ನೀರು ಸೋಸಿ ಕುಡಿಯುತ್ತಿದ್ದ, ದಾರಿಯಲ್ಲಿ ಇರುವೆಯ ಸಾಲು ಕಂಡರೆ ಚಕ್ಕಡಿಯನ್ನೇ ಸುತ್ತು ಹಾಕಿ ಹೊಡೆಯುತ್ತಿದ್ದ. ಇಂಥ ಭೀಮಗೊಂಡ ಎಂಬತ್ತಾರನೆಯ ಇಸವಿಯಲ್ಲಿ ಜರ್ಮನಿಯಲ್ಲಿ ತಯಾರಾದ ಒಂದು ಬಂದೂಕಿನ ಯಜಮಾನನಾದ. ಅದಕ್ಕೆ ಮೇಲೆ ದುರ್ಬೀನು ಇತ್ತು, ಮಗ್ಗುಲಿಗೆ ಅಂಕಿ ಕೊರೆದ ತಿರುಪುಗಳಿದ್ದವು. ಮಾರಿದವರ ಮಾತು ನಂಬುವುದಾದರೆ, ನಾಲ್ಕು ನೂರು ಹೆಜ್ಜೆ ಆಚೆ ಇಟ್ಟ ನಿಂಬೆಹಣ್ಣಿನ ತೊಟ್ಟನ್ನಷ್ಟೇ ಹಾರಿಸಿ ಹಣ್ಣನ್ನು ಹಾಗೇ ಉಳಿಸುತ್ತಿತ್ತು.

ಅವನದು ದೂಧಗಂಗಾ ನದಿಯ ದಂಡೆಯ ಊರು. ಸದಲಗಾ ಅಲ್ಲಿಂದ ಕಣ್ಣಿಗೆ ಕಾಣುತ್ತಿತ್ತು, ನಡುವೆ ಬರೀ ಕಬ್ಬು. ಆ ದಿನಗಳೇ ಬೇರೆ. ಊರಿಗೆ ದಿನಕ್ಕೆ ಎರಡು ಸಲ ಬರುವ ಕೆಂಪು ಬಸ್ಸಿನ ಕಂಡಕ್ಟರನಿಗೆ ಯಾರ ಮನೆಯ ಸೊಸೆ ತವರಿಗೆ ಹೋಗಿದ್ದಾಳೆಂದು ಗೊತ್ತಿರುತ್ತಿತ್ತು. ಒಂದು ಮನೆಗೆ ಹೊಸ ಸಾಮಾನು ಬಂದರೆ ಅದು ಇಡೀ ಓಣಿಗೆ ಬಂದ ಹಾಗೆ. ಯಾರೂ ಬಾಗಿಲು ಹಾಕುತ್ತಿರಲಿಲ್ಲ, ಹಾಕಿದರೆ ಒಳಗೆ ಯಾರಿಗೋ ಜ್ವರ ಬಂದಿದೆಯೆಂದು ಕಷಾಯ ಹಿಡಿದು ಬರುತ್ತಿದ್ದರು.

ಎಲ್ಲ ಶುರುವಾದದ್ದು ನಿಪ್ಪಾಣಿಯ ಒಂದು ಲಗ್ನದಲ್ಲಿ. ಭೀಮಗೊಂಡನ ಷಡ್ಡಕ ಶ್ರೀಪಾಲ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಹೊಸ ಕಾರು ತಗೊಂಡಿದ್ದ. ಲಗ್ನಕ್ಕೆ ಬಂದವರೆಲ್ಲ ವಧೂವರರ ಮೇಲೆ ಅಕ್ಷತೆ ಹಾಕಿ ನೇರವಾಗಿ ಕಾರಿನ ಹತ್ತಿರ ಹೋಗಿ ಅದನ್ನೂ ಒಮ್ಮೆ ಮುಟ್ಟಿ ಬರುತ್ತಿದ್ದರು. ಶ್ರೀಪಾಲ ಎಲ್ಲರೆದುರು ಭೀಮಗೊಂಡನ ಹೆಗಲ ಮೇಲೆ ಕೈ ಹಾಕಿ, "ಮತ್ತ ಭೀಮಗೊಂಡಪ್ಪ, ನಿಮ್ಮ ಕಡಿ ಏನ್ ವಿಶೇಷ? ಎಮ್ಮಿ ಈದೈತೇನು?" ಅಂದ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎಮ್ಮೆ ನಿಜವಾಗಿಯೂ ಈದಿತ್ತು. ಅದನ್ನು ಹೇಳುವ ಧೈರ್ಯ ಭೀಮಗೊಂಡನಿಗೆ ಆಗಲಿಲ್ಲ.

"ಕಬ್ಬಿಗೆ ಹಂದಿ ಕಾಟ ಭಾಳ ಆಗೇತ್ರಿ ಅಣ್ಣಾರ. ಬಂದೂಕ ತರಾಕತ್ತೇನಿ," ಅಂದುಬಿಟ್ಟ. ಎಲ್ಲರೂ ಸುಮ್ಮನಾದದ್ದು ನೋಡಿ ಹುರುಪು ಬಂದು, "ಫಾರಿನ್‌ದು," ಎಂದು ಸೇರಿಸಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶ್ರೀಪಾಲ ಸುಮ್ಮನೆ ಬಿಡುವ ಆಸಾಮಿಯಲ್ಲ. ಕೊಲ್ಲಾಪುರದ ಕಡೆ ಹಳೇ ಸಂಸ್ಥಾನಿಕರ ಮೊಮ್ಮಗನೊಬ್ಬ ಗುರಿ ಹೊಡೆಯುವ ಸ್ಪರ್ಧೆಗೆಂದು ತರಿಸಿದ್ದ ಬಂದೂಕು ಮಾರುತ್ತಿದ್ದಾನೆಂದು ತಾನೇ ಪತ್ತೆ ಮಾಡಿದ. ತಾನೇ ಕಾರಿನಲ್ಲಿ ಕರೆದೊಯ್ದು ತೋರಿಸಿದ. ಮೂರು ಜೋಡಿ ಖಿಲಾರಿ ಎತ್ತು ಕಟ್ಟಬಹುದಾದ ರೊಕ್ಕವನ್ನು ಭೀಮಗೊಂಡ ಮೂರು ಸಲ ಎಣಿಸಿ ಕೊಟ್ಟ. ಲೈಸೆನ್ಸಿನ ಅರ್ಜಿಯಲ್ಲಿ 'ಉದ್ದೇಶ' ಎಂಬ ಸಾಲಿನ ಮುಂದೆ ಏನು ಬರೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಗುಮಾಸ್ತನೇ ಕರುಣೆಯಿಂದ 'ಬೆಳೆ ರಕ್ಷಣೆ' ಎಂದು ಬರೆದುಕೊಂಡ.

ಬಂದೂಕು ಮನೆಗೆ ಬಂದ ದಿನ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿದರು. ಒಳಗೆ ಮಕಮಲ್ಲಿನ ಹಾಸಿಗೆಯ ಮೇಲೆ ಅದು ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತು. ಭೀಮಗೊಂಡನ ತಾಯಿ ಅಕ್ಕುತಾಯಿ ಕನ್ನಡಕ ಏರಿಸಿ ನೋಡಿದಳು.

"ಭೀಮ್ಯಾ, ಇದು ಏನ್ ಮಾಡ್ತೈತಿ?"

"ಹಂದಿ ಹೊಡೀತೈತಿ ಬೇ."

"ಯಾರ್ ಹೊಡ್ಯಾವ್ರು? ನೀನಽ?"

"ಛೆ ಛೆ! ಜೀವಹಿಂಸಾ ನಮಗ ಬರ್ತೈತೇನು?"

"ಮತ್ತ ಏನ್ ಮಾಡ್ತಿ?"

"ಸುಮ್ಮ ತೋರ್ಸೂದು."

"ಹಂದಿಗೆ?"

ಭೀಮಗೊಂಡ ಇಷ್ಟು ದೂರ ಯೋಚಿಸಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಮಗ್ಗುಲು ಮನೆಯ ಕಾಕಾಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೇ ಇದ್ದವಳು ಒಬ್ಬಳೇ, ಭೀಮಗೊಂಡನ ಹೆಂಡತಿ ತಾರಾಬಾಯಿ.

ಅವಳು ನಗದಿದ್ದುದಕ್ಕೆ ಕಾರಣವಿತ್ತು. ತಾರಾಬಾಯಿಯ ತವರು ಐನಾಪುರ. ಅವಳ ತವರಿನ ಹೊಸ್ತಿಲಲ್ಲಿ ದಿಗಂಬರ ಮುನಿಗಳ ಆಹಾರ, ಎಂದರೆ ಭಿಕ್ಷೆಯ ಊಟ, ಮೂರು ಸಲ ಆಗಿತ್ತು. ನಿಪ್ಪಾಣಿಯ ಅಕ್ಕನ ಮನೆಯಲ್ಲಿ ಎರಡು ಸಲ. ಈ ಮನೆಗೆ ಬಂದು ಹನ್ನೆರಡು ವರ್ಷವಾದರೂ ಇಲ್ಲಿ ಒಮ್ಮೆಯೂ ಆಗಿರಲಿಲ್ಲ. ಮುನಿಗಳಿಗೆ ತನ್ನ ಕೈಯಾರೆ ಒಂದು ತುತ್ತು ನೀಡುವವರೆಗೆ ಬೆಲ್ಲ ಮುಟ್ಟುವುದಿಲ್ಲವೆಂದು ಅವಳು ನೇಮ ಹಿಡಿದಿದ್ದಳು. ಕಬ್ಬಿನ ಮನೆಯಲ್ಲಿ, ಗಾಣದ ದಿನ ಇಡೀ ಊರು ಬಿಸಿ ಬೆಲ್ಲ ನೆಕ್ಕುವಾಗ, ತಾರಾಬಾಯಿ ಸೆರಗು ಮೂಗಿಗೆ ಹಿಡಿದು ಒಳಗೆ ಹೋಗುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಭೀಮಗೊಂಡನಿಗೆ ತನ್ನ ಬಾಯಿಯ ಬೆಲ್ಲವೂ ಬೇವಾಗುತ್ತಿತ್ತು.

"ಈ ಸಲ ಮುನಿ ಮಹಾರಾಜರ ಚಾತುರ್ಮಾಸ ನಮ್ಮೂರಾಗನ ಐತಿ," ಅಂದಳು ತಾರಾಬಾಯಿ, ಸಾವಕಾಶವಾಗಿ. "ಬಂದೂಕ ಇದ್ದ ಮನಿ ಹೊಸ್ತಿಲಾ ತುಳೀತಾರೇನ್ರಿ ಅವರು?"

"ನಾ ಎಲ್ಲಿ ಹಾರಿಸಾಕ ಹೊಂಟೇನಿ?" ಅಂದ ಭೀಮಗೊಂಡ.

"ಹಾರಿಸದಿದ್ರ ತಂದಿದ್ದರ ಯಾಕ?"

ಈ ಪ್ರಶ್ನೆಗೆ ಉತ್ತರ ಕೊಡಲೆಂಬಂತೆ ಊರು ಒಂದೊಂದೇ ಉಪಯೋಗ ಹುಡುಕತೊಡಗಿತು. ಪೆಟ್ಟಿಗೆಯಲ್ಲಿ ಬಂದ ಜರ್ಮನ್ ಎಣ್ಣೆ ಅಕ್ಕುತಾಯಿಯ ಹೊಲಿಗೆ ಮಷೀನಿಗೆ ಬಹಳ ಹಿಡಿಸಿತು. ನಳಿಕೆ ಸ್ವಚ್ಛ ಮಾಡುವ ಉದ್ದನೆಯ ಕುಂಚ ನೀರು ಕಾಯಿಸುವ ಬಂಬಿನ ಕೊಳವೆಗೆ ಸರಿಹೋಯಿತು. ಬಂದೂಕು ವಾಲಬಾರದೆಂದು ಹಚ್ಚಿದ್ದ ಗುಳ್ಳೆಯ ಗಾಜಿನ ಕೊಳವೆಯನ್ನು ನೋಡಿ ಗೌಂಡಿ ಲಗಮಣ್ಣ ಕೈ ಮುಗಿದ. ಊರ ಶಾಲೆಯ ಹೊಸ ಗೋಡೆಗೂ ಹಳೇದಕ್ಕೂ ಇಡೀ ಬಂದೂಕನ್ನೇ ಆನಿಸಿ ಹಿಡಿದು, ಹಿಂದಿನ ಗೌಂಡಿ ಕಟ್ಟಿದ್ದ ಹಳೇ ಗೋಡೆ ಎಷ್ಟು ಸೊಟ್ಟಗಿದೆಯೆಂದು ಎಲ್ಲರಿಗೂ ತೋರಿಸಿದ. ಪೆಟ್ಟಿಗೆಯ ಮಕಮಲ್ಲಿನಲ್ಲಿ ಮನೆಯ ಬೆಕ್ಕು ಮರಿ ಹಾಕಿತು. ಗುಂಡುಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವು ಬೀಗ ಹಾಕಿದ ಟ್ರಂಕಿನಲ್ಲಿ, ಭೀಮಗೊಂಡನ ಲಗ್ನದ ಪೇಟದ ಕೆಳಗೆ ಇದ್ದವು.

ಆದರೆ ಬಂದೂಕಿನ ನಿಜವಾದ ಕೀರ್ತಿ ಮೊಳಗಿದ್ದು ಟಿವಿಯಿಂದ.

ಊರಿನ ಮೊದಲ ಟಿವಿ ಕಾಕಾಸಾಹೇಬನದು. ಭಾನುವಾರ ಬೆಳಿಗ್ಗೆ ಅರ್ಧ ಊರು ಅವನ ಪಡಸಾಲೆಯಲ್ಲಿ ಕೂತಿರುತ್ತಿತ್ತು. ಪರದೆಯ ತುಂಬ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ದೇವರು ಮಾತಾಡುತ್ತಿದ್ದಾನೋ ರಾಕ್ಷಸನೋ ತಿಳಿಯದೆ ಮುದುಕಿಯರು ಅಂದಾಜಿನ ಮೇಲೆ ಕೈ ಮುಗಿಯುತ್ತಿದ್ದರು. ಸದಲಗಾದ ಅಂಚಿನಲ್ಲಿದ್ದ ಡಾಕ್ಟರ ಮನೆಯಲ್ಲಿ ಮಾತ್ರ ಚಿತ್ರ ಕನ್ನಡಿಯ ಹಾಗೆ ಬರುತ್ತದೆಂದು ಸುದ್ದಿ. ಅವರ ಆಂಟೆನಾ ಯಾವ ಕಡೆ ಮುಖ ಮಾಡಿದೆಯೆಂದು ನೋಡಿ ಬರಲು ಒಬ್ಬನನ್ನು ಸೈಕಲ್ಲಿನ ಮೇಲೆ ಕಳಿಸಿದರು. ಅವನು ಅಲ್ಲೇ ಕೂತು ಕಾರ್ಯಕ್ರಮ ಪೂರ್ತಿ ನೋಡಿ ಬಂದ, ಆಂಟೆನಾ ನೋಡುವುದನ್ನು ಮರೆತಿದ್ದ.

"ಭೀಮಣ್ಣಾ, ನಿನ್ನ ದುರ್ಬೀನ ತಾರೋ," ಅಂದ ಕಾಕಾಸಾಹೇಬ.

ದುರ್ಬೀನನ್ನು ಬಂದೂಕಿನಿಂದ ಬಿಚ್ಚುವುದು ಹೇಗೆಂದು ಭೀಮಗೊಂಡನಿಗೆ ಗೊತ್ತಿರಲಿಲ್ಲ. ಆದ್ದರಿಂದ ಬಂದೂಕು ಸಮೇತ ಕಾಕಾಸಾಹೇಬನ ಮಾಳಿಗೆ ಏರಿದ, ಮಂಡಿಯೂರಿದ, ಒಂದು ಕಣ್ಣು ಮುಚ್ಚಿ ಸದಲಗಾದ ಕಡೆಗೆ ಗುರಿ ಹಿಡಿದ. ಹಿಂದೆ ಕಾಕಾಸಾಹೇಬ ಆಂಟೆನಾದ ಕಂಬ ತಬ್ಬಿಕೊಂಡು ನಿಂತಿದ್ದ.

"ಕಂಡಿತೇನು?"

"ಕಾಣಾಕತ್ತೈತಿ! ಬಾಳಿಗಿಡದ ಕಡಿ ಮುಖ ಐತಿ. ಎಡಕ್ಕ ತಿರುವು... ಇನ್ನೂ... ನಿಂದ್ರು!"

ಕೆಳಗಿನಿಂದ "ಬಂತು, ಬಂತು! ದೇವರು ಬಂದ!" ಎಂದು ಮುದುಕಿಯರ ಕೂಗು ಕೇಳಿತು. ಊರಿನ ಟಿವಿಯಲ್ಲಿ ಚಿತ್ರ ಮೂಡಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಭೀಮಗೊಂಡ ಒಂದು ಸಂಗತಿ ಗಮನಿಸಲಿಲ್ಲ. ಆಂಟೆನಾದ ಕೆಳಗೆ ಡಾಕ್ಟರು ಹಲ್ಲುಜ್ಜುತ್ತ ನಿಂತಿದ್ದರು.

ಡಾಕ್ಟರಿಗೆ ಕಂಡದ್ದು ಇಷ್ಟು: ಆಚೆ ಊರಿನ ಮಾಳಿಗೆಯ ಮೇಲೆ ಒಬ್ಬ ಮಂಡಿಯೂರಿ ತನ್ನ ಕಡೆಗೇ ಬಂದೂಕು ಹಿಡಿದಿದ್ದಾನೆ. ಆ ಊರಿನಲ್ಲಿ ಬಂದೂಕು ಇರುವುದು ಯಾರ ಬಳಿಯೆಂದು ಸುತ್ತಲಿಗೆಲ್ಲ ಗೊತ್ತಿತ್ತು. ಅದೇ ಭೀಮಗೊಂಡನಿಗೆ ಹೋದ ತಿಂಗಳು ತಾವು ಚುಚ್ಚಿದ ಸೂಜಿ ಬಾತು, ಅವನು ಎಂಟು ದಿನ ಮಗ್ಗುಲಾಗಿ ಮಲಗಿದ್ದನೆಂಬುದು ಡಾಕ್ಟರಿಗೆ ನೆನಪಾಯಿತು. ಬಾಯಿಯ ನೊರೆ ಸಮೇತ ಅವರು ಠಾಣೆಗೆ ಓಡಿದರು.

ಸುದ್ದಿ ಅವರಿಗಿಂತ ಜೋರಾಗಿ ಓಡಿತು. ಚಿಕ್ಕೋಡಿ ಮುಟ್ಟುವ ಹೊತ್ತಿಗೆ ಭೀಮಗೊಂಡ ಡಾಕ್ಟರ ಮೇಲೆ ಗುಂಡು ಹಾರಿಸಿದ್ದ. ರಾಯಬಾಗದಲ್ಲಿ ಡಾಕ್ಟರ ಕಿವಿ ಹೋಯಿತು. ಅಥಣಿಯಲ್ಲಿ ಡಾಕ್ಟರೇ ಹೋದರು. ಮರುದಿನ ಕಾಗವಾಡದಿಂದ ಅವರ ದೂರದ ಸಂಬಂಧಿ ಮುದುಕನೊಬ್ಬ ಅಳುತ್ತ ಬಂದು ಬಾಗಿಲು ಬಡಿದ. ಬಾಗಿಲು ತೆರೆದವರು ಡಾಕ್ಟರೇ. ಮುದುಕನಿಗೆ ಎಚ್ಚರ ತಪ್ಪಿತು. ಅವನಿಗೆ ಸೂಜಿ ಚುಚ್ಚಿದರು, ಅದೂ ಬಾತಿತು.

ಸದಲಗಾ ಠಾಣೆಯ ಹವಾಲ್ದಾರ ಜ್ಞಾನದೇವ ಸೈಕಲ್ಲಿನ ಮೇಲೆ ಚೌಕಶಿಗೆ ಬಂದ. ಒಳ್ಳೆ ಮೀಸೆ, ಒಳ್ಳೆ ಮನುಷ್ಯ.

"ಏನ್ರಿ ಪಾಟೀಲರ, ಡಾಕ್ಟರ ಮ್ಯಾಲ ಬಂದೂಕ ಹಿಡದಿದ್ರಂತ?"

"ಡಾಕ್ಟರ ಮ್ಯಾಲ ಅಲ್ರಿ ಸಾಹೇಬರ, ಆಂಟೆನಾದ ಮ್ಯಾಲ."

"ಆಂಟೆನಾ ಏನ್ ಮಾಡಿತ್ರಿ ನಿಮಗ?"

ವಿವರಿಸಿ ಉಪಯೋಗವಿಲ್ಲವೆಂದು ಹವಾಲ್ದಾರನನ್ನೇ ಮಾಳಿಗೆ ಹತ್ತಿಸಿದರು. ಅವನು ದುರ್ಬೀನಿಗೆ ಕಣ್ಣು ಹಚ್ಚಿ ಅತ್ತಿತ್ತ ನೋಡಿದ. ಒಂದು ಕಡೆ ನಿಂತುಬಿಟ್ಟ.

"ಅರೆ ಅರೆ! ನಮ್ಮ ಮನಿ! ನನ್ನ ಹೆಂಡತಿ ಹಿತ್ತಲದಾಗ ಯಾರ ಜೋಡಿನೋ ಜಗಳಾ ಮಾಡಾಕತ್ತಾಳ!" ಬಹಳ ಹೊತ್ತು ನೋಡಿದ. ಅವನ ಮುಖದ ಮೇಲೆ ದೊಡ್ಡ ಶಾಂತಿ ಇಳಿಯಿತು. "ಜಗಳಾ ಕಾಣತೈತಿ, ಖರೆ ಕೇಳಸಂಗಿಲ್ಲ. ಪಾಟೀಲರ, ಇಂಥಾ ಮಷೀನ ನಾ ಎಲ್ಲಿಯೂ ನೋಡಿಲ್ಲ!"

ಹವಾಲ್ದಾರ ಚಹಾ ಕುಡಿದು, ತಪ್ಪು ತಿಳಿವಳಿಕೆ ಎಂದು ಬರೆದುಕೊಂಡು ಹೋದ. ಆದರೆ ಊರ ಬಸದಿಯ ಪಂಚರಿಗೆ ಅದು ಸಾಕಾಗಲಿಲ್ಲ. ಚಾತುರ್ಮಾಸ ಶುರುವಾಗಿತ್ತು. ಮುನಿ ಮಹಾರಾಜರು ಊರಿಗೆ ಬಂದು ಬಸದಿಯಲ್ಲಿ ನೆಲೆಸಿದ್ದರು.

ಮುನಿಗಳ ಆಹಾರದ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ಅವರು ದಿನಕ್ಕೆ ಒಂದೇ ಸಲ, ನಿಂತು, ಬೊಗಸೆಯಲ್ಲಿ ಉಣ್ಣುವವರು. ಬೆಳಿಗ್ಗೆ ಹೊರಡುವಾಗ ಮನಸ್ಸಿನಲ್ಲೇ ಒಂದು ನಿಯಮ ಹಿಡಿಯುತ್ತಾರೆ. ಇಂಥ ವಸ್ತು ಹಿಡಿದವರು, ಇಂಥ ರೀತಿ ನಿಂತವರು ಕಂಡರಷ್ಟೇ ಆ ಮನೆಯಲ್ಲಿ ಆಹಾರ, ಇಲ್ಲವಾದರೆ ಅಂದು ಉಪವಾಸ. ನಿಯಮ ಏನೆಂದು ಯಾರಿಗೂ ಹೇಳುವುದಿಲ್ಲ. ಹೀಗಾಗಿ ಮನೆಮನೆಯಲ್ಲೂ ಗಂಡ ಹೆಂಡತಿ ಮಡಿಯುಟ್ಟು, ಒಬ್ಬರು ಕಲಶ, ಒಬ್ಬರು ತೆಂಗಿನಕಾಯಿ, ಕೆಲವರು ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ಕಾಯುತ್ತಾರೆ. ಗುರುಗಳೆದುರು ಬರಿಗೈಯಲ್ಲಿ ನಿಲ್ಲಬಾರದೆಂಬುದು ಮೂರು ವರ್ಷದ ಕೂಸಿಗೂ ಗೊತ್ತು.

ತಾರಾಬಾಯಿ ಹದಿನೈದು ದಿನ ನಸುಕಿನಲ್ಲೇ ಎದ್ದು ಬಾವಿಯ ನೀರು ಸೇದಿದಳು, ಸೋಸಿದಳು, ಗೋದಿ ತಾನೇ ಬೀಸಿದಳು. ಹದಿನೈದು ದಿನವೂ ಮಹಾರಾಜರು ಅವರ ಮನೆ ದಾಟಿ ಮುಂದೆ ಹೋದರು. ಊರು ಕಾರಣ ಹುಡುಕಲಿಲ್ಲ, ಅದು ಮೊದಲೇ ಸಿದ್ಧವಿತ್ತು.

"ಬಂದೂಕ," ಅಂದರು ಬಸದಿಯ ಪಂಚರ ಹಿರಿಯ ಆಬಾಸಾಹೇಬ. ಅವರು ಹೆಚ್ಚು ಮಾತಾಡುವವರಲ್ಲ.

ತಾರಾಬಾಯಿಯೂ ಮಾತು ಬಿಟ್ಟಳು. ಗಂಡನಿಗೆ ಬಡಿಸುವಾಗ ರೊಟ್ಟಿಯ ಸದ್ದಷ್ಟೇ ಕೇಳುತ್ತಿತ್ತು. ಭೀಮಗೊಂಡ ಬಂದೂಕು ಮಾರಲು ನೋಡಿದ. ಅಂಥ ತುಟ್ಟಿ ವಸ್ತು ಕೊಳ್ಳುವ ಇನ್ನೊಬ್ಬ ಶಾಣ್ಯಾ ಐದು ತಾಲೂಕಿನಲ್ಲಿ ಸಿಗಲಿಲ್ಲ. ಕೊನೆಗೆ ಠಾಣೆಗೆ ಹೊತ್ತುಕೊಂಡು ಹೋದ.

"ಸಾಹೇಬರ, ಇದನ್ನ ಜಮಾ ಮಾಡ್ಕೋರಿ."

"ಈಗ ಯಾವ ಚುನಾವಣಿ ಐತ್ರಿ ಪಾಟೀಲರ?" ಅಂದ ಜ್ಞಾನದೇವ. "ಚುನಾವಣಿ ಬಂದಾಗ ಎಲ್ಲಾರೂ ಬಂದೂಕ ತಂದು ಇಡ್ರಿ ಅಂತ ನಾವು ಮನಿಮನಿ ಅಡ್ಡಾಡ್ತೀವಿ, ಒಬ್ಬಾಂವ ತರಂಗಿಲ್ಲ. ನೀವು ಬ್ಯಾಡಾದಾಗ ತಂದೀರಿ!"

"ಯಾವಾಗ ಬರ್ತೈತ್ರಿ ಚುನಾವಣಿ?"

"ಜಿಲ್ಲಾ ಪರಿಷತ್ತಿಂದು ಬರ್ತೈತಂತ. ತಡೀರಿ ಒಂದೀಟು."

ದೇಶದಲ್ಲಿ ಆ ವರ್ಷ ಚುನಾವಣೆಗಾಗಿ ಹೆಚ್ಚು ಹಾತೊರೆದವರು ಭೀಮಗೊಂಡ ಮತ್ತು ಉಮೇದುವಾರರು ಮಾತ್ರ. ಬಂದೂಕು ಹೊತ್ತು ವಾಪಸು ಬಂದವನನ್ನು ಕಂಡು ಕಾಕಾಸಾಹೇಬನಿಗೇ ಮರುಕ ಬಂತು. "ಚಾತುರ್ಮಾಸ ಮುಗಿಯೂತನಕ ನಮ್ಮ ಮನ್ಯಾಗ ಇರ್ಲಿ ಬಿಡು. ತಾರಾವೈನಿ ಮಾರಿ ನೋಡಾಕ ಆಗವಲ್ದು," ಅಂದ. ಮರಾಠರ ಮನೆ, ಮಾಂಸ ಉಣ್ಣುವವನು, ಬಂದೂಕಿನ ಮೇಲೆ ಮೊದಲಿನಿಂದ ಒಂದು ಕಣ್ಣೂ ಇತ್ತು. ಆದರೂ ಅದನ್ನು ಸೀರೆಯಲ್ಲಿ ಸುತ್ತಿ ಧಾನ್ಯದ ಕಣಜದ ಹಿಂದೆ ಜೋಪಾನ ಮಾಡಿದ. ಲೈಸೆನ್ಸು ಬೇರೆಯವರ ಹೆಸರಲ್ಲಿದ್ದ ಬಂದೂಕು ಇಟ್ಟುಕೊಂಡರೆ ಜೈಲೆಂದು ಅವನಿಗೂ ಗೊತ್ತಿತ್ತು. ಇಂಥ ನೆರೆಹೊರೆಯವರನ್ನು ಈಗ ಯಾವ ಅಂಗಡಿಯಲ್ಲಿ ಕೊಂಡು ತರಬೇಕೋ!

ಬಂದೂಕು ಮನೆ ಬಿಟ್ಟ ಮರುದಿನವೇ ಊರಿಗೆ ಬೇರೆ ಗಂಡಾಂತರ ಬಂತು. ಮಹಾರಾಜರ ನಿಯಮ ಯಾರ ಮನೆಯಲ್ಲೂ ಕೂಡಲಿಲ್ಲ. ಅಂದು ಉಪವಾಸ. ಎರಡನೇ ದಿನವೂ ಕೂಡಲಿಲ್ಲ. ಊರು ತಲ್ಲಣಿಸಿತು. ಎಲ್ಲರೂ ಕೈಗೆ ಸಿಕ್ಕಿದ್ದೆಲ್ಲ ಹಿಡಿದು ನಿಲ್ಲತೊಡಗಿದರು. ಒಬ್ಬ ಕಬ್ಬಿನ ಗಳ, ಒಬ್ಬ ನೇಗಿಲ ಹಗ್ಗ, ಒಬ್ಬಳು ಏಳು ಬಗೆಯ ಹಣ್ಣಿನ ಬುಟ್ಟಿ. ಶಾಲೆಯ ಮಾಸ್ತರರು ಭೂಗೋಳ ಎತ್ತಿಕೊಂಡು ನಿಂತರು. ಒಬ್ಬ ಮುದುಕ ಎರಡೂ ಕೈಯಲ್ಲಿ ಎರಡು ತೆಂಗಿನಕಾಯಿ, ಕಂಕುಳಲ್ಲಿ ಕುಂಬಳಕಾಯಿ ಹಿಡಿದು, ಕೈ ಮುಗಿಯಲಾರದೆ ಪೇಚಾಡಿದ. ಮಹಾರಾಜರು ಎಲ್ಲರನ್ನೂ ಒಂದೇ ಸಮ ಶಾಂತವಾಗಿ ನೋಡಿ ಮುಂದೆ ಹೋದರು.

ಮೂರನೇ ಬೆಳಿಗ್ಗೆ ಜನಜಾತ್ರೆ. ಚಿಕ್ಕೋಡಿಯಿಂದ, ಐನಾಪುರದಿಂದ ಬಂದವರೂ ಸೇರಿದ್ದರು. ನಿಪ್ಪಾಣಿಯ ಶ್ರೀಪಾಲ ಕಾರಿನ ತುಂಬ ಹಣ್ಣು ಹೇರಿಕೊಂಡು ಬಂದಿದ್ದ. ಗದ್ದಲ ಆಗಬಾರದೆಂದು ಹವಾಲ್ದಾರ ಜ್ಞಾನದೇವ ಬಂದೋಬಸ್ತಿಗೆ ಬಂದಿದ್ದ.

ಭೀಮಗೊಂಡ ತಣ್ಣೀರು ಮಿಂದು ಮಡಿ ಧೋತರ ಉಟ್ಟು ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತ. ಪಕ್ಕದಲ್ಲಿ ಕಲಶ ಹಿಡಿದ ತಾರಾಬಾಯಿ. ಕಾಕಾಸಾಹೇಬ ತನ್ನ ಮಾಳಿಗೆಯ ಮೇಲಿನಿಂದ ವರದಿ ಕೊಡುತ್ತಿದ್ದ. ದೂರದ್ದು ನೋಡಲು ಅವನಿಗೆ ದುರ್ಬೀನು ಬೇಕಾಗಿತ್ತು, ದುರ್ಬೀನಿಗೆ ಬಂದೂಕು ಅಂಟಿಕೊಂಡಿತ್ತು.

"ಬಸದಿ ಬಿಟ್ರು... ಮಾಸ್ತರ ಮನಿ ದಾಟಿದ್ರು... ಆಬಾಸಾಹೇಬರ ಮನಿ ಮುಂದ ನಿಂತ್ರು... ಇಲ್ಲ, ಅದನ್ನೂ ದಾಟಿದ್ರು ವೈನಿ!"

ಮರುಗಳಿಗೆ ಅವನೇ ಮೆಟ್ಟಿಲು ಧಡಧಡ ಇಳಿದು ಓಡಿಬಂದ, ಕೈಯಲ್ಲಿ ಬಂದೂಕು.

"ಹವಾಲ್ದಾರ ಮುಂದನ ಬರಾಕತ್ತಾನೋ ಭೀಮಣ್ಣಾ! ನನ್ನ ನೋಡಿದ್ನೋ ಏನೋ! ಲೈಸೆನ್ಸ್ ನಿನ್ನ ಹೆಸರಿಲೆ ಐತಿ, ಹಿಡಿ!"

ಕಟ್ಟೆಗೆ ಬಂದೂಕು ಆನಿಸಿ ಕಾಕಾಸಾಹೇಬ ಮಾಯವಾದ. ಓಣಿಯ ತಿರುವಿನಲ್ಲಿ ಜನರ ಕಲರವ ಕೇಳುತ್ತಿತ್ತು. ಮಹಾರಾಜರು ಬರುತ್ತಿದ್ದಾರೆ, ಹೊಸ್ತಿಲ ಮಗ್ಗುಲಿಗೆ ಬಂದೂಕು!

ಭೀಮಗೊಂಡನ ಬುದ್ಧಿ ಯಾವಾಗಲೂ ಒಂದು ಹೆಜ್ಜೆ ಹಿಂದೆ ನಡೆಯುವಂಥದ್ದು, ಅಂದು ಎರಡು ಹೆಜ್ಜೆ ಹಿಂದೆ ಬಿತ್ತು. ಅವನು ಬಂದೂಕು ಎತ್ತಿಕೊಂಡು ಹಿತ್ತಲಿಗೆ ಓಡಿದ, ಜೋಳದ ಕಣಿಕೆಯ ಬಣವೆಯಲ್ಲಿ ಬಲವಾಗಿ ಎಸೆದ. ಜರ್ಮನಿಯವರು ಕೂದಲೆಳೆಯಷ್ಟೂ ಸೊಟ್ಟಾಗದಂತೆ ಕಾಪಾಡಿದ್ದ ವಸ್ತು ಕಣಿಕೆಯೊಳಗೆ ಮುಳುಗಿತು. ಆಗ ಅವನಿಗೆ ಹೊಳೆಯಿತು, ಬಂದೂಕಿಗೆ ಚರ್ಮದ ಪಟ್ಟಿ ಇದೆ. ಮಡಿ ಕೆಟ್ಟಿತು! ಬಾವಿಯ ಕಟ್ಟೆಯ ಮೇಲಿದ್ದ ಎರಡು ಕೊಡ ನೀರು ತಲೆಯ ಮೇಲೆ ಸುರಿದುಕೊಂಡ. ತೊಟ್ಟಿಕ್ಕುವ ಧೋತರ ಎತ್ತಿ ಹಿಡಿದು ಓಡಿ ಬಂದು ತಾರಾಬಾಯಿಯ ಮಗ್ಗುಲಿಗೆ ನಿಂತ.

ತಾರಾಬಾಯಿ ಅವನ ಕೈ ನೋಡಿದಳು.

"ಕಾಯಿ ಎಲ್ಲೈತ್ರಿ?"

ಭೀಮಗೊಂಡ ತನ್ನ ಕೈ ನೋಡಿಕೊಂಡ. ತೆಂಗಿನಕಾಯಿ ಬಂದೂಕಿನ ಜೊತೆಗೇ ಬಣವೆ ಸೇರಿತ್ತು. ಹೊಸದು ತರಲು ಹೊತ್ತಿರಲಿಲ್ಲ. ಮಹಾರಾಜರು ಎದುರಿಗೇ ಇದ್ದರು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು. ತಾರಾಬಾಯಿಯ ಕಣ್ಣಿನಲ್ಲಿ ನೀರು ನಿಂತಿತು. ಹನ್ನೆರಡು ವರ್ಷ ಕಾದ ಹೊಸ್ತಿಲು, ಗಂಡ ನಿಂತದ್ದು ಹೀಗೆ! ಭೀಮಗೊಂಡನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೇರೇನೂ ತೋಚದೆ ಖಾಲಿ ಕೈ ಎರಡನ್ನೂ ಜೋಡಿಸಿ, "ಹೇ ಸ್ವಾಮಿ ನಮೋಸ್ತು, ನಮೋಸ್ತು, ನಮೋಸ್ತು! ಅತ್ರ ತಿಷ್ಠ, ತಿಷ್ಠ!" ಎಂದ. ಚಳಿಗೋ ಅಂಜಿಕೆಗೋ ಹಲ್ಲು ಕಟಕಟ ಅಂದವು.

ಮಹಾರಾಜರು ಅವನ ಕೈ ನೋಡಿದರು. ನಿಂತರು.

ಓಣಿಯೂ ನಿಂತಿತು. ಆಬಾಸಾಹೇಬರ ಬಾಯಿ ತೆರೆದದ್ದು ತೆರೆದಂತೆ ಉಳಿಯಿತು. "ಪ್ರದಕ್ಷಿಣಿ ಹಾಕ್ಲೇ ಭೀಮ್ಯಾ!" ಎಂದು ಅಕ್ಕುತಾಯಿ ಒಳಗಿನಿಂದ ಕೂಗಿದ ಮೇಲೆಯೇ ಅವನಿಗೆ ಕಾಲು ಬಂದದ್ದು. ಮೂರು ಸುತ್ತು ಬಂದರು. ಮಹಾರಾಜರು ಹೊಸ್ತಿಲು ದಾಟಿದರು. ಭೀಮಗೊಂಡ ಗಳದ ಮೇಲಿನ ಒಣ ಮಡಿ ಉಟ್ಟು ಬಂದ. ತಾರಾಬಾಯಿ ಆ ಬೊಗಸೆಯಲ್ಲಿ ಮೊದಲ ತುತ್ತು ಇಟ್ಟಳು.

ಆಹಾರ ಮುಗಿದ ಮೇಲೆ ಆಬಾಸಾಹೇಬರು ತಡೆಯಲಾರದೆ ಕೇಳಿದರು. "ಮಹಾರಾಜರ, ಮೂರು ದಿನದ ನಿಯಮ ಏನಿತ್ರಿ?"

ಮಹಾರಾಜರು ನಕ್ಕರು. "ಕೈಯಾಗ ಏನೂ ಇಲ್ಲದಾಂವ ಬೇಕಾಗಿದ್ದ. ಇಷ್ಟು ದೊಡ್ಡ ಊರಾಗ ಒಬ್ಬಾಂವನೂ ಸಿಗಲಿಲ್ಲ ನೋಡ್ರಿ."

ಭೀಮಗೊಂಡ ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅವನಿಗೆ ಗುರುಗಳ ಮುಂದೆ ಮುಚ್ಚಿಡಲು ಬರಲಿಲ್ಲ. ಅಡ್ಡಬಿದ್ದು, "ಮಹಾರಾಜರ, ನನ್ನ ಮನ್ಯಾಗ ಬಂದೂಕ ಐತ್ರಿ. ಬಣವ್ಯಾಗ ಮುಚ್ಚಿಟ್ಟೇನಿ," ಅಂದ.

"ಎಷ್ಟು ಸಲ ಹಾರಿಸಿದಿ?"

"ಒಮ್ಮೆನೂ ಇಲ್ರಿ."

"ಪಾಪ, ಅದರದೂ ಉಪವಾಸನ ಐತಿ ಹಂಗಾರ," ಅಂದರು ಮಹಾರಾಜರು, ಮತ್ತು ಕಮಂಡಲು ಎತ್ತಿಕೊಂಡು ಹೊರಟರು.

ಅಂದು ಮಧ್ಯಾಹ್ನ ತಾರಾಬಾಯಿ ಒಂದು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಂಡು ಬಾಗಿಲ ಹಿಂದೆ ನಿಂತು ಅತ್ತಳು. ಭೀಮಗೊಂಡ ನೋಡದವನಂತೆ ಎಮ್ಮೆಗೆ ಮೇವು ಹಾಕಿದ. ಬಂದೂಕನ್ನು ಕಾಕಾಸಾಹೇಬನೇ ಬಣವೆಯಿಂದ ಎಳೆದ. ತೆಂಗಿನಕಾಯಿ ಸಿಗಲಿಲ್ಲ, ಮೇವು ಖಾಲಿಯಾಗುತ್ತ ಬಂದಾಗ ಅದನ್ನು ಎಮ್ಮೆ ಹುಡುಕಿಕೊಟ್ಟಿತು.

ಜನವರಿಯಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ಬಂತು. ತಾಲೂಕಿನಲ್ಲಿ ಮೊದಲು ಬಂದೂಕು ಜಮಾ ಮಾಡಿದವನು ಭೀಮಗೊಂಡ. ಕೊಡುವ ಮುಂಚೆ ಗೌಂಡಿ ಲಗಮಣ್ಣ ದುರ್ಬೀನನ್ನೂ ಗುಳ್ಳೆಯ ಕೊಳವೆಯನ್ನೂ ಬಿಚ್ಚಿಟ್ಟುಕೊಂಡ, ಒಂದು ತಿರುಪು ತಿರುವಿದರೆ ಸಾಕಾಗಿತ್ತು. ಚುನಾವಣೆ ಮುಗಿದ ಮೇಲೆ ಒಯ್ಯಿರೆಂದು ಠಾಣೆಯಿಂದ ಚೀಟಿ ಬಂತು. "ಮತ್ತೊಂದು ಚುನಾವಣಿ ಬರೂದೈತಲ್ರಿ, ಅಲ್ಲೇ ಇರ್ಲಿ," ಎಂದು ಹೇಳಿ ಕಳಿಸಿದ. ಅವನ ಮಾತು ಸುಳ್ಳಾಗಲಿಲ್ಲ. ಎಂಬತ್ತೊಂಬತ್ತು, ತೊಂಬತ್ತೊಂದು, ತೊಂಬತ್ತನಾಲ್ಕು, ತೊಂಬತ್ತಾರು, ತೊಂಬತ್ತೆಂಟು. ಸರಕಾರಗಳು ಬಿದ್ದವು, ಬಂದೂಕು ಅಲ್ಲೇ ನಿಂತಿತ್ತು. ದುರ್ಬೀನಿನಿಂದ ಊರಿನ ಮೂವತ್ತು ಆಂಟೆನಾಗಳು ಸರಿಯಾದವು. ಆಮೇಲೆ ಕೇಬಲ್ ಬಂತು, ಮಾಳಿಗೆಗಳು ಬೋಳಾದವು, ಭಾನುವಾರ ಕಾಕಾಸಾಹೇಬನ ಪಡಸಾಲೆಗೆ ಹೋಗುವವರು ಇಲ್ಲವಾದರು. ಭೀಮಗೊಂಡ ಒಬ್ಬನೇ ಹಳೇ ರೂಢಿಗೆ ಹೋಗಿ ಕೂರುತ್ತಿದ್ದ.

ತೊಂಬತ್ತೊಂಬತ್ತರಲ್ಲಿ ಠಾಣೆಗೆ ಬಂದ ಹೊಸ ಸಾಹೇಬರು ಹರೆಯದವರು, ದಫ್ತರು ನೋಡಿ ಅವನನ್ನು ಕರೆಸಿದರು.

"ಪಾಟೀಲರ, ಹನ್ನೆರಡು ವರ್ಷ ಆತು. ಇಷ್ಟು ತುಟ್ಟಿ ಬಂದೂಕ, ಏನರ ಉಪಯೋಗ ಆಗೇತೇನ್ರಿ ಇದರಿಂದ?"

"ಒಮ್ಮೆ ಆಗೇತ್ರಿ ಸಾಹೇಬರ."

"ಏನ್ ಹೊಡದ್ರಿ?"

"ಹೊಡದಿಲ್ರಿ. ಎತ್ತಿ ಬಣವ್ಯಾಗ ಒಗದಿದ್ದೆ."

ಸಾಹೇಬರು ಮುಂದಿನ ಮಾತಿಗೆ ಕಾದರು. ಭೀಮಗೊಂಡನ ಪ್ರಕಾರ ಕಥೆ ಮುಗಿದಿತ್ತು. ಬಂದೂಕು ಸರಕಾರಕ್ಕೇ ಒಪ್ಪಿಸುವ ಕಾಗದಕ್ಕೆ ಸಹಿ ಹಾಕಿದ, ಕೆಂಪು ಬಸ್ಸು ಹಿಡಿದು ಊರಿಗೆ ಬಂದ.

ಸ್ಟ್ಯಾಂಡಿನಲ್ಲಿ ತಾರಾಬಾಯಿ ಕಾಯುತ್ತಿದ್ದಳು. ಗಾಣದ ಮನೆಯಿಂದ ನೇರ ಬಂದಿದ್ದಳು, ಸೆರಗಿನ ಗಂಟಿನಲ್ಲಿ ಏನೋ ಇತ್ತು. ಏನಾಯಿತೆಂದು ಅವಳು ಕೇಳಲಿಲ್ಲ. ಭೀಮಗೊಂಡ ಎರಡೂ ಕೈ ಮುಂದೆ ಚಾಚಿ ತೋರಿಸಿದ, ಏನೂ ಇರಲಿಲ್ಲ.

"ಹಂಗ ಹಿಡೀರಿ," ಅಂದಳು ತಾರಾಬಾಯಿ. ಗಂಟು ಬಿಚ್ಚಿ, ಇನ್ನೂ ಬಿಸಿಯಾಗಿದ್ದ ಬೆಲ್ಲವನ್ನು ಅವನ ಬೊಗಸೆಯಲ್ಲಿ ಇಟ್ಟಳು.